ಅಂಬಕ್ಕ ಜೋಡಿಸಿದ ಪಂಚಾಂಗ

ಬಹಳ ಹಿಂದೆ, ಹೊಳೆದಂಡೆಯ ಮೇಲೆ ಒಂದು ಊರು. ಎಷ್ಟು ಹಿಂದೆ ಅಂತ ಕೇಳಬೇಡಿ ಮಕ್ಕಳೇ, ನನಗೆ ಹೇಳಿದವರಿಗೂ ಗೊತ್ತಿರಲಿಲ್ಲ. ಆ ಊರಲ್ಲೊಂದು ಅಚ್ಚುಕೂಟ. ಅಲ್ಲಿ ಸೀಸದ ಅಕ್ಷರದ ಮೊಳೆ ಜೋಡಿಸಿ ವರ್ಷವರ್ಷ ಪಂಚಾಂಗ ಕಟ್ಟುವವನು ರೇವಣ್ಣ. ಅವನ ಹೆಂಡತಿಯೇ ಅಂಬಕ್ಕ.

ಒಂದು ವರ್ಷ ರೇವಣ್ಣನ ಪಂಚಾಂಗದಲ್ಲಿ ಸಾಲು ಜಾರಿತಂತೆ. ತಿಥಿ ಒಂದು ಮನೆ ಕೆಳಗಿಳಿದು ಮರುದಿನದ ವಾರಕ್ಕೆ ಹೋಗಿ ಕೂತಿತು. ಮೋಡದ ಕಾಲ, ಚಂದ್ರನನ್ನು ನೋಡಿದವರಿಲ್ಲ. ಹಿರಿಯರ ಅಮಾವಾಸ್ಯೆ ಅಂತ ಊರೆಲ್ಲ ಅಡುಗೆ ಮಾಡಿ ಎಡೆ ಇಟ್ಟಿದೆ, ಆಗ ಬೇರೆ ಪಂಚಾಂಗ ನೋಡುವ ಹೊಳೆಯಾಚೆಯವನೊಬ್ಬ ಬಂದು, ಇದೇನು ಇವತ್ತು ವಿಶೇಷ, ಅಮಾವಾಸ್ಯೆ ನಿನ್ನೆಯೇ ಹೋಯಿತಲ್ಲ ಅಂದನಂತೆ. ಹಿರಿಯರು ನಿನ್ನೆ ಬಂದು, ಬಾಗಿಲಲ್ಲಿ ನಿಂತು, ಹಸಿದುಕೊಂಡೇ ತಿರುಗಿ ಹೋಗಿದ್ದರು.

ಅಂದಿನಿಂದ ಅಂಬಕ್ಕ ಬಾವಿಗೆ ಹೋದರೆ, "ಏನವ್ವಾ, ನಿನ್ನ ಗಂಡನ ಲೆಕ್ಕದಲ್ಲಿ ಇವತ್ತು ಯಾವ ವಾರ?" ಅನ್ನುವವರೇ. ರೇವಣ್ಣ ಚಾಪೆ ಹಿಡಿದ. ಇನ್ನು ಮೊಳೆ ಮುಟ್ಟಲಾರೆ ಅಂದನಂತೆ. ಅಚ್ಚುಕೂಟದ ಯಜಮಾನ ಅಂಬಕ್ಕನನ್ನು ಕರೆಸಿದ. ನಿನಗೆ ಅಕ್ಷರ ಬರುತ್ತದೆ, ಈ ಸಲ ನೀನೇ ಜೋಡಿಸು, ಇನ್ನೊಮ್ಮೆ ಜಾರಿದರೆ ನಿಮ್ಮಿಬ್ಬರನ್ನೂ ಊರು ಇಟ್ಟುಕೊಳ್ಳುವುದಿಲ್ಲ ಅಂದ.

ಅಕ್ಷರ ಬರುತ್ತಿತ್ತು, ಅಳತೆ ಬರುತ್ತಿರಲಿಲ್ಲ. ಹಳೆಯ ಹಾಳೆ ಹಾಸಿ, ಹುಲ್ಲುಕಡ್ಡಿಯಿಂದ ಅಕ್ಷರದ ಎತ್ತರ ಅಳೆದಳಂತೆ. ಆ ಲೆಕ್ಕದಲ್ಲಿ ಜೋಡಿಸಿದರೆ ಚೌಕಟ್ಟಿನೊಳಗೆ ಅರ್ಧ ತಿಂಗಳೂ ಹಿಡಿಯಲಿಲ್ಲ. ಅದನ್ನು ಕೇಳಿ ರೇವಣ್ಣ ಚಾಪೆಯಲ್ಲೇ ನಕ್ಕ. "ಹುಚ್ಚಿ, ಕಾಗದದ ಮೇಲೆ ಕಾಣೋದು ಮೊಳೆಯ ಮುಖ ಕಣೇ. ಮುಖಕ್ಕೆ ಮೈ ಇಲ್ಲವೇನು? ಮೈ ಅಳೆ."

ಅಕ್ಷರ ಹೊತ್ತ ಸೀಸದ ಮೈ ಅಳೆದಳು. ಆದರೂ ಸಾಲು ಜಾರಿತು. ಭರಣಿ ಅನ್ನುವ ನಕ್ಷತ್ರದ ಹೆಸರಿಗೆ ಒತ್ತಕ್ಷರವಿಲ್ಲ, ಸಣ್ಣ ಜಾಗ ಸಾಕು. ಕೃತ್ತಿಕೆಗೆ ಕೆಳಗೆ ಒತ್ತು ನೇತಾಡುತ್ತದೆ, ಅದಕ್ಕೆ ಇನ್ನಷ್ಟು ಬೇಕು. ಮೊಳೆ ಜೋಡಿಸುವವರೆಲ್ಲ ಮೇಲಿಂದ ಕೆಳಗೆ ವಾರದ ಕಂಬ ಬೇರೆ, ತಿಥಿಯ ಕಂಬ ಬೇರೆ, ನಕ್ಷತ್ರದ ಕಂಬ ಬೇರೆ ಕಟ್ಟಿ, ಆಮೇಲೆ ಪಕ್ಕಪಕ್ಕ ನಿಲ್ಲಿಸುತ್ತಿದ್ದರು. ಮೇಲೆ ಕೂದಲೆಳೆಯಷ್ಟು ತಪ್ಪಿದ್ದು ಹಾಳೆಯ ಬುಡಕ್ಕೆ ಬರುವಾಗ ಒಂದು ದಿನವೇ ಆಗುತ್ತಿತ್ತು.

ಹೀಗೆ ಹೆದರಿಕೊಂಡು ಓಡಾಡುವಾಗ ಮಠದಲ್ಲಿ ಊಟದ ಸಾಲು ಕಂಡಳಂತೆ. ಹಲ್ಲಿಲ್ಲದ ಮುದುಕನೊಬ್ಬ ಹೋಳಿಗೆ ಮೆಲ್ಲುತ್ತಿದ್ದಾನೆ, ಉಂಡವರೆಲ್ಲ ಕೈ ಒಣಗಿಸಿಕೊಂಡು ಕೂತಿದ್ದಾರೆ. ಅವನು ಮುಗಿಸದೆ ಯಾರೂ ಏಳುವಂತಿಲ್ಲ. ಅಂಬಕ್ಕ ಅಲ್ಲಿಂದ ನೇರ ಅಚ್ಚುಕೂಟಕ್ಕೆ ಓಡಿದಳಂತೆ.

ಕಂಬ ಬಿಟ್ಟಳು, ಅಡ್ಡ ಸಾಲು ಹಿಡಿದಳು. ಒಂದು ದಿನದ ಸಾಲಿನಲ್ಲಿ ಯಾವ ಮೊಳೆ ಎತ್ತರವೋ ಅದು ಮುದುಕ. ಉಳಿದವುಗಳ ಕೆಳಗೆ ಸೀಸದ ಪಟ್ಟಿ ಕೊಟ್ಟು, ಮುದುಕನಿಗಾಗಿ ಕಾಯುವಂತೆ ಕೂರಿಸಿದಳು. ಎಲ್ಲ ಸಮನಾದ ಮೇಲೇ ಮುಂದಿನ ದಿನ. ಆದರೂ ಜೀವಕ್ಕೆ ನಂಬಿಕೆಯಿಲ್ಲ. ಎದ್ದು ಹೋಗುವಳು, ಬಂದು ಅಳೆಯುವಳು. ಮನೆಯಲ್ಲಿ ರೊಟ್ಟಿಯನ್ನೂ ಅಳೆದು ಬಡಿಸುತ್ತಿದ್ದಳು ಅಂತಾರೆ.

ಪಂಚಾಂಗ ಮನೆಮನೆಗೆ ಹೋಯಿತು. ಹಿರಿಯರ ಅಮಾವಾಸ್ಯೆ ಬಂತು. ಹಿಂದಿನ ದಿನವೆಲ್ಲ ಅಂಬಕ್ಕ ಹೊಳೆಯಾಚೆ ನೋಡಿದ್ದಳು, ಯಾರೂ ಎಳ್ಳುನೀರು ಬಿಡಲು ಇಳಿದಿರಲಿಲ್ಲ. ಅಷ್ಟಕ್ಕೆ ಉಸಿರು ಬಂತು. ಆದರೆ ಇವತ್ತು ಇಳಿಯಬೇಕಲ್ಲ? ಹೊತ್ತು ಏರಿತು. ಆಚೆ ದಡ ಖಾಲಿ. ಈಚೆ ಊರವರೆಲ್ಲ ಮೊಣಕಾಲುದ್ದ ನೀರಲ್ಲಿ ನಿಂತು, ಹೊಳೆಯನ್ನು ಬಿಟ್ಟು ಅವಳನ್ನೇ ನೋಡುತ್ತಿದ್ದರಂತೆ. ರೇವಣ್ಣನೂ ಚಾಪೆ ಬಿಟ್ಟು ಬಂದು ಅವಳ ಬೆನ್ನ ಹಿಂದೆ ನಿಂತಿದ್ದ.

ಆಮೇಲೆ ಆಚೆ ದಡದಲ್ಲಿ ತಂಬಿಗೆ ಹಿಡಿದ ಒಬ್ಬ ಮುದುಕ ಕಂಡ. ಅವನ ಹಿಂದೆ ಇನ್ನೊಬ್ಬ. ಅವರ ಹಿಂದೆ ಊರು.

ಅಂಬಕ್ಕ ಹೋಗಿ ಎಷ್ಟು ಕಾಲವಾಯಿತೋ. ಈಗ ಮೊಳೆಯೂ ಇಲ್ಲ, ಆ ಅಚ್ಚುಕೂಟವೂ ಇಲ್ಲ. ಆದರೆ ಆ ಊರವರು ಈಗಲೂ ಹಿರಿಯರ ಅಮಾವಾಸ್ಯೆಗೆ ಹೊಳೆಗಿಳಿದು, ಬೊಗಸೆ ತುಂಬಿಕೊಂಡು, ಆಚೆಯವರು ಕಾಣುವ ತನಕ ನೀರು ಬಿಡದೆ ನಿಲ್ಲುತ್ತಾರೆ. ಅಂಬಕ್ಕನ ಹೊತ್ತು ಅಂತ ಹೆಸರು ಅದಕ್ಕೆ. ಬೆರಳ ಸಂದಿಯಲ್ಲಿ ನೀರು ಸೋರಿಹೋದರೆ ಮತ್ತೆ ತುಂಬಿಕೊಳ್ಳುತ್ತಾರೆ.