ಅಧ್ಯಕ್ಷರ ಮೂತಿಗೆ ಹಲಸಿನ ಮೇಣ
ಕಾಡಿನವರೆಲ್ಲ ಹಂಚಿ ತಿನ್ನಲೆಂದು ಇಟ್ಟಿದ್ದ ಹಲಸಿನ ಹಣ್ಣನ್ನು ಅಧ್ಯಕ್ಷ ಕರಡಿಯವರು ಒಬ್ಬರೇ ಮುಗಿಸಿಬಿಟ್ಟರು. ಆತುರದಲ್ಲಿ ಎಣ್ಣೆ ಸವರಿಕೊಳ್ಳುವುದನ್ನು ಮರೆತಿದ್ದರಿಂದ ಮೂತಿಗೆಲ್ಲ ಮೇಣ ಮೆತ್ತಿಕೊಂಡಿತು. ಅಷ್ಟರಲ್ಲಿ ಸಭೆಯ ಹೊತ್ತಾಯಿತು. ಸಲಹೆಗಾರರಾದ ನರಿ, ಮಂಗ ಓಡಿಬಂದವು.

“ಒಂದಿಷ್ಟು ಎಣ್ಣೆ ತರಿಸಿದರೆ ಹೋಗುತ್ತದಲ್ಲವೇ?” ಎಂದರು ಕರಡಿಯವರು.

“ಎಣ್ಣೆ ಕೇಳಿದರೆ ಹಲಸು ತಿಂದೆನೆಂದು ಡಂಗುರ ಸಾರಿದಂತೆ, ಸ್ವಾಮಿ!” ಎಂದು ನರಿ ಒಣ ಎಲೆಯಿಂದ ಉಜ್ಜಿತು. ಎಲೆಯೂ ಅಂಟಿತು. ಎಲೆ ಮುಚ್ಚಲು ಮಂಗ ಕಾಡುಕೋಳಿಯ ಪುಕ್ಕ ಕಿತ್ತು ತಂದಿತು. ಪುಕ್ಕ ಮುಚ್ಚಲು ನರಿ ಮೊಲದ ತುಪ್ಪಳ ಕಿತ್ತು ತಂದಿತು. ಕರಡಿಯವರಿಗೆ ಮೂಗು ಕೆರೆಯುತ್ತಿತ್ತು, ಆದರೂ ಗಾಂಭೀರ್ಯ ಬಿಡಲಿಲ್ಲ. ಯಾವುದೂ ಉದುರದಿರಲೆಂದು ಎರಡೂ ಒಂದೊಂದು ಕೆನ್ನೆ ಒತ್ತಿ ಹಿಡಿದು ಅವರನ್ನು ಸಭೆಗೆ ಕರೆತಂದವು.

ಹಲಸಿನ ಸುದ್ದಿಯನ್ನು ಅಲ್ಲಿ ಯಾರೂ ಎತ್ತಲೇ ಇಲ್ಲ.

“ಅದು ನನ್ನ ಪುಕ್ಕ!” ಎಂದು ಕೋಳಿ ಕಿರುಚಿತು.

“ಅದು ನನ್ನ ತುಪ್ಪಳ!” ಎಂದು ಮೊಲ ಅತ್ತಿತು.

ಕರಡಿಯವರು ಸಲಹೆಗಾರರತ್ತ ಕಣ್ಣು ಹೊರಳಿಸಿದರು.

“ಇವರಿಗೂ ನಮಗೂ ಸಂಬಂಧವೇ ಇಲ್ಲ. ನಾವು ನಿನ್ನೆಯೇ ರಾಜೀನಾಮೆ ಕೊಟ್ಟಾಗಿದೆ,” ಎಂದು ನರಿ ಹೊರಟಿತು.

ಆದರೆ ಅದರ ಅಂಗೈ ಅಧ್ಯಕ್ಷರ ಕೆನ್ನೆ ಬಿಟ್ಟು ಬರಲಿಲ್ಲ.