ಐದಕ್ಕೆ ಐದು ನಿಮಿಷ

ಕಂಬದಪುರದ ಬೀದಿಬೀದಿಯಲ್ಲಿ ಡಂಗುರ ಮೊಳಗಿತು. "ಕೇಳ್ರಪ್ಪೋ ಕೇಳಿ! ಭೀಮರಾಜ ಮಹಾಸ್ವಾಮಿಯವರ ಮೂರು ಒಗಟು ಬಿಡಿಸಿದವರಿಗೆ ಅರ್ಧ ರಾಜ್ಯ. ತಪ್ಪಿದವರಿಗೆ ಅಂದೇ ಸಂಜೆ, ಗಡಿಯಾರ ಐದು ಹೊಡೆದಾಗ ಗಲ್ಲು!"

ಅರ್ಧ ರಾಜ್ಯವೆಂದರೆ ಯಾರ ಬಾಯಲ್ಲಿ ನೀರೂರುವುದಿಲ್ಲ? ಪಾಳೆಯಗಾರರ ಮಕ್ಕಳು ಕುದುರೆ ಏರಿ ಬಂದರು. ಕುದುರೆಗಳು ಮಾತ್ರ ಹಿಂದಿರುಗಿದವು.

ಮೇನೆ ಹೊರುವ ಬೋವಿ ಲಿಂಗನಿಗೂ ಆಸೆ ಹುಟ್ಟಿತು. ಅರಮನೆಗೆ ಪಾಠ ಹೇಳಲು ಬರುತ್ತಿದ್ದ ಇಂಗ್ಲಿಷ್ ದೊರೆಸಾನಿಯನ್ನು ಅವನೂ ತಮ್ಮ ಮುದ್ದಯ್ಯನೂ ಹೊತ್ತವರು. ಆಕೆ ದಾರಿಯುದ್ದಕ್ಕೂ ತನ್ನ ಸರಪಳಿ ಗಡಿಯಾರ ತೋರಿಸಿ ಅವರಿಗೆ ಹೊತ್ತು ಹೇಳುವುದನ್ನು ಕಲಿಸಿದ್ದಳು.

ಲಿಂಗ ಮೊದಲ ಒಗಟು ಬಿಡಿಸಿದ. ಅರಸರು ಎರಡನೆಯದು ಕೇಳಿದರು: "ಅರ್ಧ ದಾರಿಯವರೆಗೆ ಬಿಟ್ಟುಬಂದವರ ಮಾತು, ಅರ್ಧ ದಾಟಿದರೆ ಮುಂದೆ ಸಿಗುವವರ ಮಾತು. ಯಾರದು?" ಇದಕ್ಕೇ ಹಿಂದೆ ಪಾಳೆಯಗಾರನ ಮಗನೊಬ್ಬ ‘ಮದುವಣಗಿತ್ತಿ’ ಎಂದು ಹೇಳಿ ಸತ್ತಿದ್ದ.

"ನಾವೇ ಬುದ್ಧಿ, ಬೋವಿಗಳು!" ಎಂದುಬಿಟ್ಟ ಲಿಂಗ. ಪಾಪ, ಅವರ ಪದ್ಧತಿಯೇ ಅದು. ನಡುದಾರಿಯ ಕಲ್ಲು ಸಿಗುವ ತನಕ ಬಿಟ್ಟ ಊರಿನಿಂದ ಎಷ್ಟು ಬಂದೆವೆಂದು ಕೂಗುತ್ತಾರೆ, ಕಲ್ಲು ದಾಟಿದರೆ ಮುಂದಿನ ಊರಿಗೆ ಎಷ್ಟು ಉಳಿಯಿತೆಂದು. ಅರಸರು ಅಲ್ಲವೆಂದು ತಲೆಯಾಡಿಸಿದರು. ಭಟರು ಲಿಂಗನನ್ನು ಅಂಗಳದ ಗಲ್ಲುಗಂಬಕ್ಕೆ ಒಯ್ದರು.

ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳುತ್ತಿದ್ದ ಮುದ್ದಯ್ಯ ಓಡಿಬಂದು ಅಡ್ಡಬಿದ್ದ. "ನಂಗೂ ಕೇಳಿ ಬುದ್ಧಿ. ಗೆದ್ರೆ ಅಣ್ಣನ್ನ ಕೊಡಿ, ಸೋತ್ರೆ ಇಬ್ರನ್ನೂ ಒಟ್ಗೇ ನೇತಾಕಿ."

ಅರಸರು ಒಪ್ಪಿ ಮೊದಲ ಒಗಟನ್ನೇ ಕೇಳಿದರು: "ಒಂದೇ ಮನೆಯಲ್ಲಿ ಇಬ್ಬರು. ಉದ್ದನೆಯವನು ಓಡುತ್ತಾನೆ, ಕುಳ್ಳ ತೆವಳುತ್ತಾನೆ. ಆದರೂ ಹೊತ್ತಿಗೆ ಹೆಸರಿಡುವವನು ಕುಳ್ಳ. ಯಾರವರು?"

"ಗಡಿಯಾರದ ಮುಳ್ಳುಗಳು."

"ಎರಡನೆಯದು?"

ಮುದ್ದಯ್ಯ ಗೋಡೆಯ ಗಡಿಯಾರ ನೋಡಿದ. "ಅಣ್ಣ ಹೇಳಿದ್ದು ದಾರಿ ಲೆಕ್ಕ. ಇದು ಇಂಗ್ಲಿಷ್‌ನೋರು ಉದ್ದನೆ ಮುಳ್ಳು ನೋಡಿ ಹೇಳೋ ಲೆಕ್ಕ ಬುದ್ಧಿ. ನಾಕಾಗಿ ಹತ್ತು ನಿಮಿಷ ಆದ್ರೆ ‘ಟೆನ್ ಪಾಸ್ಟ್ ಫೋರ್’. ಮುಳ್ಳು ಕೆಳಗೆ ಆರರ ಮೇಲೆ ಬಂದ್ರೆ ‘ಹಾಫ್ ಪಾಸ್ಟ್ ಫೋರ್’, ನಾಕೂವರೆ. ಅದನ್ನ ದಾಟಿದ್ರೆ ನಾಕನ್ನ ಮರ್ತೇಬುಡ್ತಾರೆ, ಮುಂದಿನ ಐದಕ್ಕೆ ಎಷ್ಟು ಉಳೀತು ಅಂತಾರೆ. ಈಗ ‘ಫೈವ್ ಟು ಫೈವ್’. ಐದಕ್ಕೆ ಇನ್ನೈದೇ ನಿಮಿಷ..." ಅವನ ದನಿ ಒಡೆಯಿತು.

ಸರಿಯೆಂದು ತಲೆದೂಗಿದರೂ ಅರಸರಿಗೆ ಆಟ ಇನ್ನೂ ಮುಗಿದಿರಲಿಲ್ಲ. "ಹೋದದ್ದರ ಮಾತೂ ಇಲ್ಲ, ಬರುವುದರ ಮಾತೂ ಇಲ್ಲ, ಒಂದೇ ಹೆಸರು. ಆ ಗಳಿಗೆ ಯಾವುದು? ಬಾಯಲ್ಲಿ ಹೇಳಿದರೆ ಸಾಲದು, ತೋರಿಸಬೇಕು."

ಮುದ್ದಯ್ಯನಿಗೆ ಉತ್ತರ ಗೊತ್ತಿತ್ತು. ಆದರೆ ತೋರಿಸಬೇಕಾದರೆ ಐದು ಹೊಡೆಯುವ ತನಕ ಕಾಯಬೇಕು, ಐದು ಹೊಡೆದರೆ ಅಣ್ಣನಿಗೆ ಗಲ್ಲು. ಅವನು ಉದ್ದನೆ ಮುಳ್ಳಿನಿಂದ ಕಣ್ಣು ಕೀಳಲಿಲ್ಲ. ಸೋತನೆಂದು ಸಭೆ ಗುಸುಗುಸು ಅಂದಿತು.

"ಬಾಯ್ ಬುಡೋ ತಮ್ಮ!" ಎಂದು ಅಂಗಳದಿಂದ ಲಿಂಗ ಕೂಗಿದ. ಕುಣಿಕೆ ಅವನ ಕೊರಳಿಗೆ ಬಿತ್ತು.

ಗಡಿಯಾರ ಮೊದಲ ಪೆಟ್ಟು ಹೊಡೆಯಿತು.

"ಇದೇ ಬುದ್ಧಿ! ‘ಫೈವ್ ಓ ಕ್ಲಾಕ್’! ಉದ್ದನೆ ಮುಳ್ಳು ಹನ್ನೆರಡರ ಮೇಲೈತೆ. ಹಿಂದಿಲ್ಲ, ಮುಂದಿಲ್ಲ, ಬರೀ ಐದು!"

ಅರಸರ ಕೈ ಮೇಲೆದ್ದಿತು. ಹಗ್ಗ ಹಿಡಿದವನು ಹಾಗೇ ನಿಂತ.

ಅರ್ಧ ರಾಜ್ಯ ಮುಂದಿಟ್ಟರೆ ಮುದ್ದಯ್ಯ ಕೈಮುಗಿದ. "ಅದನ್ನ ಹೊರೋ ಭುಜ ನಮ್ದಲ್ಲ ಬುದ್ಧಿ. ಆ ಕಂಬ ಕೀಳ್ಸಿ." ಅರಸರಿಗೆ ನಾಚಿಕೆಯಾಯಿತು. ಕಂಬ ಕೀಳಿಸಿ, ಒಂದು ಹಳ್ಳಿಯನ್ನು ಉಂಬಳಿ ಕೊಟ್ಟರು.

ಅಣ್ಣತಮ್ಮಂದಿರು ಮೇನೆ ಹೊರುವುದನ್ನು ಬಿಡಲಿಲ್ಲ. ಆದರೆ ಅರಮನೆಯ ಗಡಿಯಾರ ಐದು ಹೊಡೆದರೆ ಲಿಂಗನ ಕೈ ಇವತ್ತಿಗೂ ಕೊರಳಿಗೆ ಹೋಗುತ್ತದೆ. ಆಗ ಮುದ್ದಯ್ಯ ಮೇನೆ ಇಳಿಸಿ, ಐದನೆಯ ಪೆಟ್ಟು ಮುಗಿಯುವ ತನಕ ಅಣ್ಣನ ಹೆಗಲ ಮೇಲೆ ಕೈಯಿಟ್ಟು ನಿಲ್ಲುತ್ತಾನೆ.