ಚಹಾ ಮುಗಿಯೋ ತನಕ

ಹೊಳೆ ದಂಡೆ ಮೇಲೆ ನಮ್ಮ ಉಸ್ತಾದ್ ಬುಡನ್‌ಸಾಬರ ಶೆಡ್ಡು. ನಾಲ್ಕು ತಗಡು, ಒಂದು ಬೇವಿನ ಮರ, ಒಂದು ಬೆಂಚು, ಒಂದು ಒಲೆ, ಅಷ್ಟೇ. ಅಲ್ಲಿ ಬರೀ ಸ್ಕೂಟರ್ ರಿಪೇರಿ, ಅದ್ರಲ್ಲೂ ಗೇರಿಲ್ಲದ ಬೆಲ್ಟ್ ಗಾಡಿಗಳು.

ನಾನು ಎರಡು ವರ್ಷದಿಂದ ಅಲ್ಲೇ ಕೆಲಸ ಕಲೀತಿದ್ದೆ. ಹೆಸರು ಹೊನ್ನಮ್ಮ. ಉಸ್ತಾದ್ ಕರೆಯೋದು ಹೊನ್ನಿ ಅಂತ. ನನ್ನ ಬಾಯಿ ಜಾಸ್ತಿ ಆದಾಗ ರೇಡಿಯೋ ಅಂತ.

ಉಸ್ತಾದ್‌ದು ಒಂದೇ ಒಂದು ಕಟ್ಟುನಿಟ್ಟು. ಗಾಡಿ ಬಂತಾ, ಮೊದ್ಲು ಗಾಡಿಯವರಿಗೆ ಒಂದು ಲೋಟ ಚಹಾ. ಅವರು ಕುಡಿದು ಖಾಲಿ ಲೋಟ ಕೆಳಗಿಡೋ ತನಕ ಬೆಲ್ಟಿನ ಮುಚ್ಚಳ ಬಿಚ್ಚೋಕೆ ಪಾನಾ ಹಚ್ಚಂಗಿಲ್ಲ.

ನಾನು ಕೇಳ್ದೆ, ಒಂದಲ್ಲ ಹತ್ತು ಸಲ ಕೇಳ್ದೆ. "ಯಾಕೆ ಉಸ್ತಾದ್? ಇದು ಗ್ಯಾರೇಜಾ, ಬೀಗರ ಮನೆನಾ?"

"ಮುಚ್ಚಳ ಬಿಸಿ ಇರ್ತೈತೆ. ಆರಬೇಕು."

"ನನ್ನ ಕೈ ಬಿಸಿ ತಡೆಯುತ್ತೆ."

"ನಿನ್ನ ಕೈ ಸುದ್ದಿ ನಾನೆಲ್ಲಿ ಹೇಳ್ದೆ?"

ಹಿಂಗೆ ಉಸ್ತಾದ್. ಅರ್ಧ ಹೇಳೋದು, ಅರ್ಧ ಬೀಡಿ ಜೊತೆ ಸೇದ್ಬಿಡೋದು.

ಆ ಶುಕ್ರವಾರ ಮಧ್ಯಾಹ್ನ ಅವರು ನಮಾಜಿಗೆ ಹೊರಟ್ರು. ಯಾವಾಗ್ಲೂ ಶೆಡ್ ಮುಚ್ಚಿ ಹೋಗ್ತಿದ್ದೋರು ಆವತ್ತು ಮುಚ್ಚಲಿಲ್ಲ. ನನ್ನ ಕೈಗೆ ಬಿಟ್ರು, ಮೊಟ್ಟಮೊದಲನೇ ಸಲ.

"ಯಾರಾದ್ರೂ ಬಂದ್ರೆ ಉಸ್ತಾದ್?"

"ಚಹಾ ಕೊಡು."

"ಆಮೇಲೆ?"

"ಮೊದ್ಲು ಕೊಡು."

ಅವರು ಆ ಕಡೆ ತಿರುಗಿದ್ದೇ ತಡ, ಈ ಕಡೆಯಿಂದ ಒಂದು ನೀಲಿ ಸ್ಕೂಟರ್ ಬಂತು. ಐವತ್ತೈದು ವರ್ಷದ ಒಬ್ರು ಓಡಿಸ್ಕೊಂಡು ಬಂದ್ರು. ಓಡಿಸ್ಕೊಂಡು ಅನ್ನೋ ಹಾಗೂ ಇಲ್ಲ, ಪಕ್ಕದಲ್ಲಿ ನಡ್ಕೊಂಡು ಬರ್ತಿದ್ದ ನಾಯಿ ಅವರಿಗಿಂತ ಮುಂದೆ ಇತ್ತು. ಇಂಜಿನ್ ಮಾತ್ರ ಕೂಗ್ತಾನೇ ಇತ್ತು.

ರಬ್ಬರ್ ಸುಟ್ಟ ವಾಸನೆ ನನಗೆ ಆಗ್ಲೇ ಬಂತು. ನನಗೋ, ಹಬ್ಬ.

"ಏನಾಗ್ತಿದೆ ಯಜಮಾನ್ರೆ?"

"ಆಕ್ಸಿಲೇಟರ್ ಕೊಟ್ರೆ ತಡವರಿಸ್ತೈತವ್ವಾ. ಹೋಗ್ಲೋ ಬ್ಯಾಡ್ವೋ ಅಂತೈತೆ. ಆಮೇಲೆ ಒಂದೇ ಸಲಕ್ಕೆ ಜಗ್ಗಿ ಹೊರಡ್ತೈತೆ. ಮುಚ್ಚಳ ಸುಡ್ತೈತೆ."

"ಬೆಲ್ಟ್ ಜಾರ್ತಿದೆ. ನೋಡಿ, ಒಳಗೆ ಎರಡು ಪುಲ್ಲಿ ಇರುತ್ತೆ, ಎರಡಕ್ಕೂ ಸೇರಿ ಒಂದು ಬೆಲ್ಟು, ಅದು ಜಾರಿದ್ರೆ ಬಿಸಿ ಆಗುತ್ತೆ, ಬಿಸಿ ಆದ್ರೆ ಇನ್ನೂ ಜಾರುತ್ತೆ, ಹಂಗಾಗಿ—"

"ಗೊತ್ತವ್ವಾ. ನಮ್ದು ಹಿಟ್ಟಿನ ಗಿರಣಿ. ನಾನು ಕರಿಬಸಪ್ಪ ಅಂತ. ಇಪ್ಪತ್ತು ವರ್ಷದಿಂದ ಬೆಲ್ಟಿನ ಜೊತೇನೇ ಬಾಳ್ವೆ."

ಆಗ ನೋಡ್ದೆ, ಅವರ ಹುಬ್ಬಿನ ತುಂಬಾ ಹಿಟ್ಟು. ನೋಡಿದ್ರೂ ನನ್ನ ಬಾಯಿ ನಿಲ್ಲಲಿಲ್ಲ.

ಅವರು ಶೆಡ್ಡಿನ ಒಳಗೆ ಇಣುಕಿದ್ರು. "ಉಸ್ತಾದ್ ಇಲ್ವಾ? ಇಲ್ಲಿ ಕೂರಿಸಿ ಚಹಾ ಕೊಡ್ತಾರೆ ಅಂದಿದ್ರು."

ಒಲೆ ಹಚ್ಚಿರಲಿಲ್ಲ. ಹಚ್ಚಬೇಕು, ಹಾಲು ಕಾಯಬೇಕು, ಇವರು ಊದಿ ಊದಿ ಕುಡೀಬೇಕು. ಅಷ್ಟೊತ್ತಿಗೆ ಉಸ್ತಾದ್ ಬಂದೇ ಬಿಡ್ತಾರೆ, ಗಾಡಿ ಅವರ ಕೈಗೆ ಹೋಗುತ್ತೆ. ನನಗೆ ಅದೇ ಚಿಂತೆ.

"ಚಹಾ ಆಮೇಲೆ ಕುಡಿಯೋಣ ಯಜಮಾನ್ರೆ. ಅರ್ಧ ಗಂಟೆ ಕೆಲಸ."

"ಅದಲ್ಲವ್ವಾ. ಬಿಚ್ಚೋ ಮುಂಚೆ ಒಂದು ಮಾತು—"

"ಹೊಸ ಬೆಲ್ಟ್ ಹಾಕ್ತೀನಿ, ರೋಲರ್ ನೋಡ್ತೀನಿ, ಎಲ್ಲಾ ನಂಗೆ ಗೊತ್ತು."

"ಒಳಗೆ ಒಂದು—"

"ಒಳಗೆ ಏನಿದ್ರೂ ನಾನು ತೆಗೀತೀನಿ ಬಿಡಿ. ನೀವು ಹೋಗಿ ಹೊಳೆ ಮೆಟ್ಟಿಲ ಮೇಲೆ ಕೂತ್ಕೊಳ್ಳಿ. ಹೊಳೆ ಗಾಳಿ ಚೆನ್ನಾಗಿದೆ."

ಅವರು ಗಾಡಿ ಕಡೆ ಬಗ್ಗಿದ್ರು. ಕೈ ಮಗುಚಿ, ಬೆರಳ ಹಿಂಬದಿಯಿಂದ ಮುಚ್ಚಳ ಮುಟ್ಟಿದ್ರು. ಮನೇಲಿ ಮಕ್ಕಳ ಹಣೆ ಮುಟ್ಟಿ ನೋಡ್ತಾರಲ್ಲ, ಹಂಗೆ.

ಆಮೇಲೆ ಹೋದ್ರು. ನಾನು ಪಾನಾ ತಗೊಂಡೆ.

ಬಿಚ್ಚಿದ್ರೆ ಬೆಲ್ಟ್ ಅಂಚೆಲ್ಲಾ ಕನ್ನಡಿ ಥರ ಹೊಳೀತಿತ್ತು. ರೋಲರ್‌ಗಳು ಅಂದ್ರೆ ಪುಲ್ಲಿ ಒಳಗೆ ಉರುಳೋ ಗುಂಡುಗಳು, ಒಂದು ಕಡೆ ಸವೆದು ಚಪ್ಪಟೆ. ಆದ್ರೆ ಇಷ್ಟೊಂದು ಬಿಸಿ ಯಾಕೆ? ಅಲ್ಲೇ ನನ್ನ ತಲೆ ಓಡ್ತು. ಬೆಲ್ಟ್ ಆರಿಸೋಕೆ ಅಂತ್ಲೇ ಗಾಳಿ ಎಳ್ಕೊಳ್ಳೋ ಒಂದು ಬಾಯಿ ಇರುತ್ತೆ. ಅದರೊಳಗೆ ಬೆರಳು ಹಾಕ್ದೆ.

ಬಟ್ಟೆ. ಯಾರೋ ಒಂದು ಬಟ್ಟೆ ತುರುಕಿದ್ರು. ಧೂಳು ಕೂತು, ಬಿಸಿಗೆ ಒಣಗಿ, ಹಪ್ಪಳ ಆಗಿತ್ತು. ಎಳೆದು ತೆಗ್ದೆ. ಎಂಥಾ ದಡ್ಡ ಜನ ಇರ್ತಾರಪ್ಪ ಅಂತ ಒಬ್ಳೇ ನಕ್ಕೆ.

ಅದೇ ಬಟ್ಟೇಲಿ ಕೈಯ ಗ್ರೀಸ್ ಒರೆಸ್ಕೊಂಡು ಚಿಂದಿ ಡಬ್ಬಕ್ಕೆ ಎಸ್ದೆ. ಹೊಸ ಬೆಲ್ಟ್, ಹೊಸ ರೋಲರ್, ಮುಚ್ಚಳ, ಬೋಲ್ಟು. ಮುಗೀತು.

ಕರಿಬಸಪ್ಪನೋರು ಮೆಟ್ಟಿಲಿಂದ ಎದ್ದು ಬಂದ್ರು. "ಮತ್ತೆ ಅವ್ವಾ, ಆ ಗಾಳಿ ಬಾಯಲ್ಲಿ—"

"ಮೊದ್ಲು ಓಡಿಸಿ ನೋಡಿ. ಮಾತು ಆಮೇಲೆ."

ಸ್ಟಾರ್ಟ್ ಮಾಡೇ ಕೊಟ್ಟೆ. ಗಾಡಿ ಹೊಳೆ ದಿಬ್ಬ ಹತ್ತಿದ್ದು ನೋಡಬೇಕಿತ್ತು ನೀವು. ತಡವರಿಸೋದಿರ್ಲಿ, ಉಸಿರೂ ಎಳ್ಕೊಳ್ಳಲಿಲ್ಲ. ಸುಯ್ ಅಂತ ಹೋಯ್ತು.

ಉಸ್ತಾದ್ ಬಂದಾಗ ನಾನು ಒಲೆ ಹಚ್ತಿದ್ದೆ. ನಮ್ಮ ಒಲೆಗೆ ಚಿಂದಿ ಡಬ್ಬದ್ದೇ ಬಟ್ಟೆ, ಮೇಲೆ ತೆಂಗಿನ ಚಿಪ್ಪು. ಗ್ರೀಸ್ ಬಟ್ಟೆ ಒಂದೇ ಕಡ್ಡಿಗೆ ಹತ್ಕೊಳ್ಳುತ್ತೆ.

ಎಲ್ಲಾ ಹೇಳ್ದೆ, ಒಂದೇ ಉಸಿರಿಗೆ. ಬೆಲ್ಟು, ರೋಲರು, ಗಾಳಿ ಬಾಯಿ, ನಾನು ಬೆರಳು ಹಾಕಿದ್ದು.

ಉಸ್ತಾದ್ ಪೂರ್ತಿ ಕೇಳಿಸ್ಕೊಂಡ್ರು. "ಚಹಾ ಕೊಟ್ಟೆಯಾ?"

"ಈಗ ಇಟ್ಟೆ, ನೋಡಿ. ಅವರು ವಾಪಸ್ ಬರೋಷ್ಟರಲ್ಲಿ ಆಗುತ್ತೆ."

ಉಸ್ತಾದ್ ದಿಬ್ಬದ ಕಡೆ ನೋಡ್ತಿದ್ರು. ಕರಿಬಸಪ್ಪನೋರು ಬರ್ತಿದ್ರು. ಇಂಜಿನ್ ಆಫ್ ಮಾಡಿ, ತಳ್ಕೊಂಡು.

"ಮತ್ತೆ ಕೆಟ್ಟಿತಾ?" ನಾನು ಓಡ್ದೆ.

"ಇಲ್ಲವ್ವಾ. ಚೆನ್ನಾಗೇ ಓಡ್ತು. ದಿಬ್ಬ ಹತ್ತಿ ಮುಚ್ಚಳ ಮುಟ್ಟಿ ನೋಡ್ದೆ. ತಣ್ಣಗಿತ್ತು."

"ಅದೇ ತಾನೇ ಬೇಕಾಗಿದ್ದು?"

ಅವರು ಗಾಡಿ ಸ್ಟ್ಯಾಂಡ್ ಹಾಕಿದ್ರು. ಎರಡು ಸಲ ಹಾಕಬೇಕಾಯ್ತು.

"ಆ ಗಾಳಿ ಬಾಯಲ್ಲಿ ಒಂದು ಕರ್ಚೀಪು ಇತ್ತಲ್ಲವ್ವಾ."

ನಾನು ಬಾಯಿ ತೆಗ್ದೆ. ಉಸ್ತಾದ್ ಕೈ ಎತ್ತಿದ್ರು. ನನಗೆ ಸುಮ್ನಿರು ಅಂತ. ಕರಿಬಸಪ್ಪನೋರನ್ನ ಬೆಂಚಿನ ಮೇಲೆ ಕೂರಿಸಿ, ಚಹಾ ಕುದ್ದ ಮೇಲೆ ತಾವೇ ಲೋಟಕ್ಕೆ ಬಗ್ಗಿಸಿ ಅವರ ಪಕ್ಕಕ್ಕಿಟ್ರು.

"ಹೇಳಿ ಯಜಮಾನ್ರೆ."

"ನನ್ನ ಮಗಳು ಇಟ್ಟಿದ್ದು. ದಾಕ್ಷಾಯಿಣಿ ಅಂತ. ಗಾಡೀನೂ ಅವಳ್ದೇ. ಹೋದ ಮಳೆಗಾಲದಾಗೆ ಸೇತುವೆ ಮೇಲೆ ನೀರು ಬಂದಿತ್ತಲ್ಲ, ಬೆಲ್ಟಿಗೆ ನೀರು ಹೋಗ್ಬಾರ್ದು ಅಂತ ಕರ್ಚೀಪು ತುರುಕಿ ದಾಟ್ಕೊಂಡು ಬಂದ್ಲು. ಮನೇಗೆ ಬಂದು ನಗ್ತಾ ಹೇಳಿದ್ಲು, ನಾಳೆ ತೆಗೀತೀನಪ್ಪಾ ಅಂತ."

ಚಹಾ ಹೊಗೆಯಾಡ್ತಿತ್ತು. ಅವರು ಮುಟ್ಟಲಿಲ್ಲ.

"ಮಾರನೇ ದಿನ ಜ್ವರ. ಒಂಬತ್ತು ದಿನ ಇದ್ಲು."

ಉಸ್ತಾದ್ ಬೆಂಚಿನ ಪಕ್ಕ ನೆಲದ ಮೇಲೆ ಕೂತ್ರು.

"ಬೆಲ್ಟ್ ಯಾಕೆ ಸುಡ್ತೈತೆ ಅಂತ ನಂಗೆ ಗೊತ್ತಿತ್ತು ಸಾಬ್ರೆ. ಗಿರಣಿಯವನು ನಾನು. ಮೂರು ಗ್ಯಾರೇಜಿಗೆ ಹೋಗಿದ್ದೆ. ಅವರು ಪಾನಾ ತಗೊಳ್ಳೋದು ನೋಡಿ ಎದ್ದು ಬಂದ್ಬಿಟ್ಟೆ. ಮನೇಗೆ ಬಂದು ಮುಚ್ಚಳ ಮುಟ್ಟೋದು. ಸುಡ್ತಿದ್ರೆ, ಸರಿ, ಒಳಗೈತೆ ಅಂತ."

"ಹ್ಞೂ."

"ಇವತ್ತಿಗೆ ಅವಳು ಹೋಗಿ ವರ್ಷ. ನನ್ನ ಕೈಯಾರೆ ತೆಗೆದು ಹೊಳೆಗೆ ಬಿಡಾಣ ಅಂತ ಬಂದೆ. ಇಲ್ಲಿ ಯಾರೂ ಅವಸರ ಮಾಡಲ್ಲ ಅಂದ್ರು. ಕೂತು ಒಂದು ಲೋಟ ಚಹಾ ಕುಡಿದ್ರೆ ಕೈಗೆ ಧೈರ್ಯ ಬರ್ತೈತೆ ಅನ್ಕೊಂಡೆ."

ಆಮೇಲೆ ನನ್ನ ಕಡೆ ತಿರುಗಿದ್ರು. ಬೈಯ್ಯೋ ಮುಖ ಅಲ್ಲ ಅದು. "ಹಸಿರುದವ್ವಾ. ಮೂಲೇಲಿ ಒಂದು ಹೂವು ಹೊಲಿದಿದ್ಲು. ಎಲ್ಲೈತೆ?"

ರೇಡಿಯೋ ನಾನು, ಬರೀ ಒಲೆ ಕಡೆ ಕೈ ತೋರಿಸ್ದೆ.

ಅವರು ಎದ್ದು ಹೋಗಿ ಒಲೆ ಮುಂದೆ ಕುಕ್ಕರಗಾಲಲ್ಲಿ ಕೂತ್ರು. ಕೈ ಮಗುಚಿ, ಬೆರಳ ಹಿಂಬದಿ ಉರಿ ಹತ್ರ ಹಿಡಿದ್ರು. ತುಂಬಾ ಹೊತ್ತು ಹಿಡ್ಕೊಂಡಿದ್ರು.

ಉಸ್ತಾದ್ ಚಿಪ್ಪುಗಳನ್ನ ಸರಿಸಿದ್ರು, ಉರಿ ಆರೋದನ್ನ ಕಾದ್ರು. ಬೂದಿ ಎಲ್ಲಾ ಗೋರಿ ಒಂದು ತಟ್ಟೆಗೆ ಹಾಕಿ ಅವರ ಮುಂದಿಟ್ರು.

ಕರಿಬಸಪ್ಪನೋರು ನೋಡಿದ್ರು. "ಇದ್ರಾಗೆ ಅವಳ್ದು ಯಾವ್ದು ಸಾಬ್ರೆ?"

ಉಸ್ತಾದ್ ತಟ್ಟೆ ಅಂಚಿಗೆ ಅಂಟಿದ್ದ ಬೂದೀನ ಬೆರಳಲ್ಲಿ ಒಳಗೆ ಸರಿಸಿದ್ರು.

"ಹೋಗ್ಲಿ. ಎಲ್ಲಾ ಇರ್ಲಿ ಬಿಡಿ," ಅಂತ ಅವರೇ ಅಂದು, ತಟ್ಟೆ ಎತ್ಕೊಂಡು ಮೆಟ್ಟಿಲು ಇಳಿದ್ರು.

ಅವರ ಬೆನ್ನು ನೋಡ್ತಾ ನಾನು ಮೆಲ್ಲಗೆ ಹೇಳ್ದೆ. "ಉಸ್ತಾದ್, ಬೈಯ್ರಿ ನಂಗೆ."

"ಯಾಕೆ? ಗಾಡಿ ಚೆನ್ನಾಗೇ ಮಾಡಿದ್ದೀಯ. ನಾನಾದ್ರೂ ಅಷ್ಟೇ ಮಾಡ್ತಿದ್ದೆ."

ಬೈದಿದ್ರೆ ಎಷ್ಟೋ ಚೆನ್ನಾಗಿತ್ತು.

ಕರಿಬಸಪ್ಪನೋರು ತೊಳೆದ ತಟ್ಟೆ ತಂದು ಬೆಂಚಿನ ಮೇಲೆ ಮಗುಚಿ ಇಟ್ರು. ನನ್ನ ತಲೆ ಮೇಲೆ ಒದ್ದೆ ಕೈ ಒಂದ್ಸಲ ಇಟ್ಟು ತೆಗೆದ್ರು. ಗಾಡಿ ಸ್ಟಾರ್ಟ್ ಮಾಡಿ ಹೋದ್ರು. ಗಾಡಿ ಒಂಚೂರೂ ತಡವರಿಸಲಿಲ್ಲ.

ಇನ್ನೊಂದು ಸ್ಕೂಟರ್ ಬಿಚ್ಚೋದಿತ್ತು, ಬೆಳಿಗ್ಗೆನೇ ಬಿಟ್ಟು ಹೋಗಿದ್ರು. ಏನಾದ್ರೂ ಮಾಡ್ತಾ ಇದ್ರೆ ಸಾಕು ಅನ್ನಿಸ್ತು. ಎದ್ದೆ, ಪಾನಾಕ್ಕೆ ಕೈ ಹಾಕ್ದೆ.

"ಎಲ್ಲಿಗೆ?" ಅಂದ್ರು ಉಸ್ತಾದ್.

"ಆ ಗಾಡಿ ನೋಡ್ತೀನಿ."

"ಲೋಟ ಖಾಲಿ ಆಗೈತಾ?"

ಬೆಂಚಿನ ಮೇಲೆ ಕರಿಬಸಪ್ಪನೋರ ಲೋಟ ಇಟ್ಟಲ್ಲೇ ಇತ್ತು. ತುಂಬಿತ್ತು. ಮೇಲೆ ಕೆನೆ ಕಟ್ಟಿ, ಕೆನೆ ಮೇಲೆ ಒಂದು ಚೂರು ಬೂದಿ ಬಂದು ಕೂತಿತ್ತು.

"ಇಲ್ಲ ಉಸ್ತಾದ್."

"ಹಂಗಾದ್ರೆ ಕೂತ್ಕೋ."